ಅಂಗಡಿಯವರ 8 ಎಂಎಂ ಏರ್ ಪೈಪ್, ಒಳಗೆ ನೋಡಿದರೆ 5 ಎಂಎಂ

ಪ್ರಶ್ನೆ: ಮನೆ ಹಿಂದಿನ ಶೆಡ್ಡಿನಲ್ಲಿ ಮರದ ಕೆಲಸ ಮಾಡುತ್ತೇನೆ. 2 ಎಚ್‌ಪಿ, 50 ಲೀಟರಿನ ಕಂಪ್ರೆಸರ್ ಇದೆ. ಜೊತೆಗೆ 8 ಎಂಎಂನ ನೀಲಿ ಸುರುಳಿ ಪೈಪ್ ತಂದಿದ್ದೆ. ಟೈರಿಗೆ ಗಾಳಿ ಚೆನ್ನಾಗಿ ಹೋಗುತ್ತದೆ, ಪಾಲಿಶ್ ಹೊಡೆಯುವಾಗ ಮಾತ್ರ ಸ್ಪ್ರೇ ಗನ್ ಉಗುಳುತ್ತದೆ. ದೊಡ್ಡ ಕಂಪ್ರೆಸರ್ ತಗೊಳ್ಳಿ ಅಂತಾರೆ. ಪೈಪ್ ಬದಲಿಸಿದರೆ ಸಾಲದಾ?
- ಓದುಗರು, ಸಾಗರ

ಉತ್ತರ: ಸಾಲಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗನ್ನಿನ ಬುಡಕ್ಕೆ ಸಿಕ್ಕಿಸುವ ಪುಟ್ಟ ಗೇಜ್ ಸಿಗುತ್ತದೆ, ಅದೊಂದು ತನ್ನಿ. ಕಂಪ್ರೆಸರಿನಿಂದ ಹೊರಬರುವ ಗಾಳಿಯ ಪ್ರೆಷರ್ ಹೊಂದಿಸುವ ರೆಗ್ಯುಲೇಟರನ್ನು 3 ಬಾರ್‌ಗೆ (ಬಾರ್ ಅಂದರೆ ಪ್ರೆಷರಿನ ಅಳತೆ) ಇಟ್ಟು ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಸುಮ್ಮನೆ ನಿಂತಾಗ ರೆಗ್ಯುಲೇಟರಿನದು, ಗನ್ನಿನದು ಎರಡೂ ಗೇಜ್ 3 ತೋರಿಸುತ್ತವೆ, ಅದನ್ನು ನಂಬಬೇಡಿ. ಗಾಳಿ ಓಡುವಾಗಲೇ ನೋಡಬೇಕು. ರೆಗ್ಯುಲೇಟರ್ 3ರಲ್ಲೇ ನಿಂತು ಗನ್ನಿನ ಗೇಜ್ 2ಕ್ಕೋ ಅದಕ್ಕೂ ಕೆಳಗೋ ಬಿದ್ದರೆ, ತಪ್ಪು ಪೈಪಿನದೋ, ಪೈಪ್ ಜೋಡಿಸುವ ಕೊಂಡಿಯಾದ ಕಪ್ಲರಿನದೋ. ಮೋಟಾರ್ ಓಡುತ್ತಿದ್ದರೂ ಟ್ಯಾಂಕಿನ ಮುಳ್ಳೇ ಇಳಿಯುತ್ತಾ ಹೋಗಿ 3ಕ್ಕಿಂತ ಕೆಳಗೆ ಬಂದರೆ ಕಂಪ್ರೆಸರಿಗೇ ಶಕ್ತಿ ಸಾಲುತ್ತಿಲ್ಲ. ಆಗ ಎಂಥ ಪೈಪ್ ಹಾಕಿದರೂ ಅಷ್ಟೇ.

ನೀವು ಹೇಳಿದ್ದನ್ನು ನೋಡಿದರೆ ನನ್ನ ಅನುಮಾನ ಪೈಪಿನ ಮೇಲೆಯೇ. ನಮ್ಮಲ್ಲಿ ಪಿಯು, ಅಂದರೆ ಪಾಲಿಯುರೆಥೇನ್ ಪೈಪನ್ನು ಹೊರಗಿನ ಅಳತೆಯಲ್ಲಿ ಮಾರುತ್ತಾರೆ. 8 ಎಂಎಂ ಅಂತ ಕೊಟ್ಟದ್ದರ ಒಳಗಿನ ತೂತು ಸಾಮಾನ್ಯವಾಗಿ 5 ಎಂಎಂ. 10ರದ್ದು ಒಳಗೆ 6.5, 12ರದ್ದು 8. ರಬ್ಬರ್ ಪೈಪಿಗೆ ಮಾತ್ರ ಹೇಳುವುದು ಒಳಗಿನ ಅಳತೆ. ಹಾಗಾಗಿ ಒಂದೇ ಅಂಗಡಿಯಲ್ಲಿ ಒಂದೇ ನಂಬರು ಹೇಳಿ ಎರಡು ಬೇರೆ ಪೈಪ್ ತರಬಹುದು. ಕತ್ತರಿಸಿದ ತುದಿಯನ್ನು ತಿರುಗಿಸಿ ಸ್ಕೇಲ್ ಇಟ್ಟು ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈ 3 ಎಂಎಂ ಬಗ್ಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅಂತೀರಾ? ಅಷ್ಟೇ ಗಾಳಿ ಹರಿಯುವಾಗ ಪ್ರೆಷರ್ ನಷ್ಟವು ಒಳ ವ್ಯಾಸದ ಐದನೇ ಘಾತಕ್ಕೆ ಹತ್ತಿರದ ಲೆಕ್ಕದಲ್ಲಿ ಬದಲಾಗುತ್ತದೆ. 5ರಿಂದ 8ಕ್ಕೆ ಹೋದರೆ ನಷ್ಟ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದದ ಲೆಕ್ಕ ನೇರ, ದುಪ್ಪಟ್ಟು ಉದ್ದಕ್ಕೆ ದುಪ್ಪಟ್ಟು ನಷ್ಟ. ಟೈರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ಗಾಳಿ ನಿಧಾನಕ್ಕೆ ಹೋದರೂ ಕೊನೆಗೆ ತುಂಬುತ್ತದೆ. ಸ್ಪ್ರೇ ಗನ್ನಿಗೆ ಹಾಗಲ್ಲ, ಒತ್ತಿದಷ್ಟು ಹೊತ್ತೂ ಗಾಳಿ ಒಂದೇ ಸಮ ಬರಬೇಕು.

ನಿಮ್ಮ ಕೆಲಸಕ್ಕೆ ಒಳಗೆ 8 ಅಥವಾ 10 ಎಂಎಂ ಇರುವ ರಬ್ಬರ್ ಪೈಪ್, ಇಲ್ಲವೇ ರಬ್ಬರ್-ಪಿವಿಸಿ ಬೆರೆಸಿದ ಹೈಬ್ರಿಡ್ ಪೈಪ್ ತನ್ನಿ. 10 ಮೀಟರ್ ಸಾಕು. ರಬ್ಬರ್ ಭಾರ ಜಾಸ್ತಿ, ಹೊಸ ಮರದ ಮೇಲೆ ಎಳೆದರೆ ಕಪ್ಪು ಗೆರೆ ಬೀಳುವುದೂ ಉಂಟು. ಆದರೂ ಹೇಳಿದ ಕಡೆ ಬಗ್ಗುತ್ತದೆ, ಬಿಸಿ ತಾಳುತ್ತದೆ. ಬರೀ ಪಿವಿಸಿ ಅಗ್ಗ, ಆದರೆ ಮಡಚಿದಲ್ಲೇ ಮುರಿದು ಗಾಳಿ ತಡೆಯುತ್ತದೆ. ಸುರುಳಿ ಪಿಯು ಧೂಳು ಊದುವುದಕ್ಕೆ, ಸಣ್ಣ ಮೊಳೆ ಹೊಡೆಯುವ ಬ್ರಾಡ್ ಗನ್ನಿಗೆ ಚೆನ್ನಾಗಿದೆ, ಬಿಸಾಡಬೇಡಿ. ಪಾಲಿಶ್ ಹೊಡೆಯುವಾಗ ಮಾತ್ರ ಅದು ಕೈಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಬಿಸಿ ಏರಿದಂತೆ ಅದು ತಾಳುವ ಪ್ರೆಷರ್ರೂ ಇಳಿಯುತ್ತದೆ.

ಪೈಪಿನ ಮೇಲೆ ಅಚ್ಚಾದ ವರ್ಕಿಂಗ್ ಪ್ರೆಷರ್ ನೋಡಿ, ಪೈಪ್ ಒಡೆಯುವ ಬರ್ಸ್ಟ್ ಪ್ರೆಷರ್ ಅಲ್ಲ. ಕಂಪ್ರೆಸರ್ 8 ಬಾರ್‌ದಾದರೆ, ಅಂದರೆ ಸುಮಾರು 116 ಪಿಎಸ್‌ಐ, ಪೈಪ್ 15 ಬಾರ್ ಅಥವಾ ಮೇಲಿನದ್ದು ಇರಲಿ. ಇನ್ನೊಂದು ಮಾತು. ಕೆಲಸದ ಜಾಗ ದೂರ ಅಂತ ಕಂಪ್ರೆಸರಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯಬೇಡಿ. ಸಣ್ಣ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಪೈಪನ್ನೇ ದಪ್ಪದ್ದು, ಉದ್ದದ್ದು ಹಾಕಿ.

ಪ್ರಶ್ನೆ: ಅಡಿಕೆಗೆ ಔಷಧಿ ಹೊಡೆಯುವ ಹಳೇ ಪೈಪ್ ಮನೆಯಲ್ಲಿದೆ. ಅದು ಹೈ ಪ್ರೆಷರ್ ಪೈಪೇ ಅಲ್ವಾ, ಕಂಪ್ರೆಸರಿಗೆ ಹಾಕಬಹುದಾ?
- ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಪ್ರೆಷರ್ ನಂಬರು ದೊಡ್ಡದೇ ಇರಬಹುದು, ಆದರೆ ಅದು ನೀರಿನ ಲೆಕ್ಕ. ನೀರು ಕುಗ್ಗುವುದಿಲ್ಲ. ಪೈಪ್ ಒಡೆದರೆ ಪ್ರೆಷರ್ ಆ ಕ್ಷಣಕ್ಕೇ ಬಿದ್ದುಹೋಗುತ್ತದೆ. ಒತ್ತಿ ತುಂಬಿದ ಗಾಳಿ ಹಾಗಲ್ಲ, ಹಿಗ್ಗುತ್ತಾ ನುಗ್ಗುತ್ತದೆ. ಬಿಚ್ಚಿಕೊಂಡ ತುದಿ ಚಾಟಿಯ ಹಾಗೆ ಬೀಸಿ, ಅದರಲ್ಲಿರುವ ಹಿತ್ತಾಳೆ ನಿಪ್ಪಲ್ ಮುಖಕ್ಕೆ ಹೊಡೆಯಬಹುದು. ಮಳೆಗಾಲವಿಡೀ ಬೋರ್ಡೋ ದ್ರಾವಣ ಹರಿದ ಪೈಪಿನ ಒಳಗೆ ಸುಣ್ಣ, ಮೈಲುತುತ್ತ ಒಣಗಿ ಕೂತಿರುತ್ತದೆ. ಗಾಳಿ ಬಿಟ್ಟರೆ ಅದು ಪುಡಿಯಾಗಿ ನಿಮ್ಮ ಪೇಂಟಿನ ಮೇಲೆ, ಕಣ್ಣಿಗೆ. ಮೇಲೆ ಏರ್ ಅಂತ ಬರೆದಿರುವ ಪೈಪನ್ನೇ ತನ್ನಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಕಾಲಿಂಚಿನ ಕಪ್ಲರ್ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಸೋರುತ್ತದೆ. ಯಾಕೆ?
- ಓದುಗರು, ಹಾಸನ

ಉತ್ತರ: ಹೆಚ್ಚಾಗಿ ಥ್ರೆಡ್ ಬೇರೆ ಇರುತ್ತದೆ. ನಮ್ಮಲ್ಲಿ ನಡೆಯುವುದು ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್; ಅಮೆರಿಕದ ಸಾಮಾನಿನಲ್ಲಿ ಬರುವುದು ಅಲ್ಲಿನ ಅಳತೆಯ ಎನ್‌ಪಿಟಿ. ಕಾಲಿಂಚಿನ ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಮೊದಲೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿಡಿದುಕೊಳ್ಳುತ್ತದೆ, ಅಲ್ಲೇ ಮೋಸ ಹೋಗುವುದು. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ರೆಗ್ಯುಲೇಟರಿನ ಥ್ರೆಡ್ಡೂ ಹಾಳು. ಬಿಎಸ್‌ಪಿ ಅಂತ ಸ್ಪಷ್ಟವಾಗಿ ಬರೆದಿರುವುದನ್ನು ತರಿಸಿ, ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ.