ಒಂದು ಕೋಟಿ ಬಂದರೆ ಶ್ರೀಮಂತರೇ?

ಮದ್ದೂರಿನ ಬಳಿ ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆ ಮಾರಿ ಒಂದು ಕೋಟಿ ಬಂದಿದೆ, ಆದರೂ ಶ್ರೀಮಂತರಾದೆವು ಎಂದು ಏಕೆ ಅನ್ನಿಸುತ್ತಿಲ್ಲ ಎಂದು ಕೇಳಿದ್ದೀರಿ. ಅನ್ನಿಸದಿರುವುದೇ ಸರಿ ಸ್ವಾಮಿ. ಗದ್ದೆಯಿದ್ದಾಗ ಅಕ್ಕಿಯನ್ನು ಯಾರು ಕೊಳ್ಳುತ್ತಿದ್ದರು? ಈಗ ಅದಕ್ಕೂ ಜೇಬಿಗೆ ಕೈ ಹಾಕಬೇಕು. ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ ಸಿಗುವುದು ಸುಮಾರು 58,000 ರೂಪಾಯಿ, ಅದೂ ತೆರಿಗೆಗೆ ಮುನ್ನ. ಬೆಲೆ ಏರಿದಂತೆ ಅದು ಏರುವುದಿಲ್ಲ. ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಬ್ಯಾಂಕ್ ಮುಳುಗಿದರೆ ವಿಮೆಯ ರಕ್ಷಣೆ ಅಸಲು, ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ.

ನನ್ನ ಮಟ್ಟಿಗೆ ಶ್ರೀಮಂತಿಕೆಯೆಂದರೆ ಮಗಳ ಕಾಲೇಜು ಶುಲ್ಕ ಕಟ್ಟುವ ದಿನ ಯಾರಿಗೂ ಫೋನ್ ಮಾಡದಿರುವುದು. ಅಷ್ಟು ನಿಮಗೀಗ ಇದೆ. ಸಾಲ ಕೇಳುವ ನೆಂಟರು ಆಗಲೇ ಬಂದು ಹೋಗಿರಬೇಕು. ಕಾರಿನ ಶೋರೂಂ ಕಡೆಗೆ ಮಾತ್ರ ಈ ವರ್ಷ ಹೋಗಬೇಡಿ.