ಬೋನ್ಸಾಯ್ ಎಲೆ ಹಳದಿಯಾಗಿ ಉದುರುತ್ತಿದೆ, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ?

ನಿಮ್ಮ ಪ್ರಶ್ನೆ ಇಷ್ಟು: ಉಡುಗೊರೆಯಾಗಿ ಬಂದ ಫೈಕಸ್ ಬೋನ್ಸಾಯ್, ನಾಲ್ಕು ತಿಂಗಳಾಗಿದೆ, ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೀರಿ. ದಿನಾ ಬೆಳಿಗ್ಗೆ ತಪ್ಪದೆ ಅರ್ಧ ಲೋಟ ನೀರು. ಈಗ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ಉಳಿದವು ಬಾಡಿದಂತಿವೆ. ನೀರು ಜಾಸ್ತಿ ಮಾಡಲೇ, ನಿಲ್ಲಿಸಲೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಇವತ್ತೇ ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ. ನೀರು ಸಾಲದೆ ಬಾಡಿದ ಎಲೆಗೂ, ಬೇರು ಕೊಳೆತು ಬಾಡಿದ ಎಲೆಗೂ ಮೇಲಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕೊಳೆತ ಬೇರು ನೀರು ಹೀರುವುದಿಲ್ಲ, ಹಾಗಾಗಿ ಕೆಸರಿನಲ್ಲಿ ನಿಂತೇ ಗಿಡ ಬಾಯಾರಿ ಒಣಗುತ್ತದೆ. ನನ್ನ ಮೊದಲ ಫೈಕಸ್ ಹೋಗಿದ್ದು ಹೀಗೆಯೇ. ಎಲೆ ಜೋತು ಬಿದ್ದಾಗಲೆಲ್ಲ ಪಾಪ ಎಂದು ನೀರು ಹಾಕುತ್ತಿದ್ದೆ. ಕೊನೆಗೆ ಹೊರಗೆ ತೆಗೆದು ಒಂದು ಬೇರನ್ನು ಹಿಡಿದೆಳೆದರೆ ಕಪ್ಪು ಸಿಪ್ಪೆ ಬೆರಳಲ್ಲೇ ಕಳಚಿ ಬಂತು, ದಾರದಂಥ ನಾರು ಮಾತ್ರ ಗಿಡದಲ್ಲಿ ಉಳಿಯಿತು. ಚರಂಡಿಯ ವಾಸನೆ. ಅದು ಈಗಲೂ ನೆನಪಾಗುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಟ್ಟಿಯಾಗಿದ್ದು, ತುದಿ ಬೆಳ್ಳಗಿದ್ದರೆ ಬೇರು ಚೆನ್ನಾಗಿದೆ. ಫೈಕಸ್‌ನ ಬಲಿತ ಬೇರು ಸಹಜವಾಗಿಯೇ ಕಂದು ಬಣ್ಣದ್ದು, ಅದನ್ನು ಕೊಳೆತದ್ದೆಂದು ಕತ್ತರಿಸಬೇಡಿ. ಬಣ್ಣಕ್ಕಿಂತ ಬೆರಳನ್ನು ನಂಬಿ: ಒತ್ತಿದರೆ ಮೆತ್ತಗೆ ಜಾರುವುದು ಮಾತ್ರ ಹೋಗಿದೆ. ನಿಮ್ಮದು ಬುಡದಲ್ಲಿ ಗೆಣಸಿನಂತೆ ಉಬ್ಬಿರುವ ಜಾತಿಯಾದರೆ ಆ ಉಬ್ಬನ್ನೂ ಸುತ್ತ ಒತ್ತಿ ನೋಡಿ. ಅಂಗಡಿಯಿಂದ ಬರುವ ಇಂಥ ಗಿಡಗಳಲ್ಲಿ ಎಷ್ಟೋ ಸಲ ಮೇಲಿನ ಬಿಳಿ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿರುತ್ತಾರೆ. ಅದು ಮಣ್ಣಿನ ಮೇಲೆ ಮುಚ್ಚಳವಿದ್ದಂತೆ. ಎಬ್ಬಿಸಿ ಬಿಸಾಡಿ. ಕುಂಡದ ತಳದಲ್ಲಿ ತೂತಿದೆಯೇ ಎಂದೂ ನೋಡಿಕೊಳ್ಳಿ, ಇಲ್ಲದಿದ್ದರೆ ಆ ಕುಂಡವೇ ಬೇಡ.

ಫೈಕಸ್ ನಮ್ಮ ಆಲ, ಅರಳಿ, ಅತ್ತಿ, ಗೋಳಿಗಳ ಕುಲದ್ದು. ಹಳೇ ಗೋಡೆಯ ಬಿರುಕಿನಲ್ಲಿ, ಗೋಪುರದ ಕಲ್ಲಿನ ಸಂದಿಯಲ್ಲಿ ಅರಳಿ ಸಸಿ ಎದ್ದು ನಿಂತದ್ದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಮಣ್ಣು ಎಷ್ಟಿದೆ? ಮಳೆ ಬಂದರೆ ನೀರು ಹರಿದು ಹೋಗುತ್ತದೆ, ಗಾಳಿ ಮಾತ್ರ ಸದಾ ಇರುತ್ತದೆ. ಬೇರೂ ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿ ಹಾಗೇ ಉಳಿದರೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಪಿಥಿಯಮ್‌ನಂಥ ಕೊಳೆರೋಗದ ಸೂಕ್ಷ್ಮಜೀವಿಗಳು ಹತ್ತುತ್ತವೆ.

ಬೋನ್ಸಾಯ್ ತಟ್ಟೆಗೆ ಈ ಅಪಾಯ ಹೆಚ್ಚು. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ಅಗಲವಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಆಳವಿಲ್ಲದ ಬೋನ್ಸಾಯ್ ತಟ್ಟೆ ಮಲಗಿಸಿದ ಸ್ಪಂಜಿನಂತೆ. ಯಾವ ಕುಂಡದಲ್ಲೇ ಆಗಲಿ ತಳದ ಒಂದಿಷ್ಟು ಎತ್ತರ ನೀರು ತುಂಬಿಯೇ ಉಳಿಯುತ್ತದೆ. ಆ ಎತ್ತರ ನಿರ್ಧಾರವಾಗುವುದು ಮಣ್ಣಿನ ಕಣದಿಂದ (ಕಣ ಸಣ್ಣದಾದಷ್ಟೂ ಹೆಚ್ಚು), ಕುಂಡದ ಆಳದಿಂದಲ್ಲ. ಒಂದಡಿ ಆಳದ ಕುಂಡದಲ್ಲಿ ಅದು ಲೆಕ್ಕಕ್ಕಿಲ್ಲ, ಎರಡಿಂಚಿನ ತಟ್ಟೆಯಲ್ಲಿ ಅದೇ ಅರ್ಧ ಮನೆ. ಆದ್ದರಿಂದ ತೋಟದ ಕೆಮ್ಮಣ್ಣನ್ನು ಬೋನ್ಸಾಯ್‌ಗೆ ತುಂಬಬಾರದು. 3ರಿಂದ 5 ಮಿಲಿಮೀಟರಿನ ಇಟ್ಟಿಗೆ ಚೂರು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು ಸಾಕು. ಇಟ್ಟಿಗೆ ಕುಟ್ಟಿದ ಮೇಲೆ ಜರಡಿ ಹಿಡಿದು ಹುಡಿಯನ್ನೆಲ್ಲ ತೆಗೆಯಿರಿ. ಬೇಸರದ ಕೆಲಸ ನಿಜ, ಆದರೆ ಹುಡಿ ಉಳಿದರೆ ಅದೇ ಸಂದಿಗಳನ್ನು ಮುಚ್ಚುತ್ತದೆ.

ಬೇರು ಕೊಳೆತಿದ್ದರೆ ಹಳೇ ಮಣ್ಣನ್ನು ನೀರಿನಲ್ಲಿ ತೊಳೆದು, ಮೆತ್ತಗಾದದ್ದನ್ನು ಗಟ್ಟಿ ಬೇರು ಸಿಗುವ ತನಕ ಹರಿತವಾದ ಕತ್ತರಿಯಿಂದ ಕತ್ತರಿಸಿ. ಬಿಳಿ ಸೊನೆ ಬರುತ್ತದೆ, ಕೆಲವರಿಗೆ ಅದು ತುರಿಕೆ ತರುತ್ತದೆ, ಕೈಗೆ ತಾಗದಂತೆ ನೋಡಿಕೊಳ್ಳಿ. ಹೊಸ ಮಿಶ್ರಣದಲ್ಲಿ ನೆಟ್ಟ ಮೇಲೆ ಗಿಡ ಅಲುಗದಂತೆ ಕುಂಡಕ್ಕೆ ತಂತಿಯಿಂದ ಬಿಗಿಯಿರಿ, ಅಲುಗಿದರೆ ಎಳೆ ಬೇರು ತುಂಡಾಗುತ್ತದೆ. ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಕವರ್ ಮುಚ್ಚಿ, ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಕಡೆ ಇಡಿ. ಚಿಗುರು ಕಾಣುವವರೆಗೆ ಗೊಬ್ಬರ ಬೇಡವೇ ಬೇಡ.

ಇನ್ನು ನೀರು. ಅರ್ಧ ಲೋಟದ ಲೆಕ್ಕ ಬಿಡಿ. ಒಂದು ಬಿದಿರಿನ ಕಡ್ಡಿಯನ್ನು ಬುಡದಿಂದ ಸ್ವಲ್ಪ ದೂರದಲ್ಲಿ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ಕಡ್ಡಿ ಮೇಲಿನಿಂದ ಕೆಳಗಿನವರೆಗೂ ತಣ್ಣಗಿದ್ದರೆ ಕಾಯಿರಿ. ಅರ್ಧ ಇಂಚು ಮೇಲ್ಭಾಗ ಒಣಗಿ, ಕೆಳಗೆ ತುಸು ತೇವ ಉಳಿದಾಗ, ತಳದ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ನೀರು ಹಾಕಿ. ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಆಮೇಲೆ ಕುಂಡವನ್ನು ಒಂದು ಪಕ್ಕಕ್ಕೆ ಎತ್ತಿ ವಾಲಿಸಿ, ನಿಂತ ನೀರು ಸುರಿದು ಹೋಗುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ಬಿಡಬೇಡಿ. ಬೇಸಿಗೆಯಲ್ಲಿ ಇದು ದಿನಕ್ಕೊಮ್ಮೆ ಬೇಕಾಗಬಹುದು, ಮೋಡದ ದಿನಗಳಲ್ಲಿ ಮೂರು ದಿನಕ್ಕೊಮ್ಮೆ. ಕರಾವಳಿ, ಮಲೆನಾಡಿನ ಜಡಿಮಳೆಯಲ್ಲಿ ಬಯಲಲ್ಲಿಟ್ಟ ಕುಂಡದ ಒಂದು ತುದಿಗೆ ಕಟ್ಟಿಗೆ ಕೊಟ್ಟು ವಾಲಿಸಿಯೇ ಇಡುವುದು ಒಳ್ಳೆಯದು.

ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ಗಡಸು ನೀರಿಗೂ ಅದಕ್ಕೂ ನಂಟಿದೆ. ಸಾಧ್ಯವಾದಾಗ ಮಳೆನೀರು ಹಿಡಿದಿಡಿ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ದಯವಿಟ್ಟು ಇದಕ್ಕೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಬೇರು ಗಟ್ಟಿಯಾಗಿಯೇ ಇದ್ದರೆ? ಆಗ ಹೆಚ್ಚಾಗಿ ಕಾರಣ ಟಿವಿ ಪಕ್ಕದ ಜಾಗವೇ. ಜಾಗ, ಬೆಳಕು ಬದಲಾದರೆ ಫೈಕಸ್ ಎಲೆ ಉದುರಿಸುತ್ತದೆ, ಬೆಳಕು ಕಡಿಮೆಯಿದ್ದರೆ ನೀರನ್ನೂ ಕುಡಿಯುವುದಿಲ್ಲ. ಇದು ಮರ, ಷೋಕೇಸಿನ ಬೊಂಬೆಯಲ್ಲ. ಲಾಲ್‌ಬಾಗಿನ ಬೋನ್ಸಾಯ್ ತೋಟಕ್ಕೆ ಹೋಗಿ ನೋಡಿ, ಅಲ್ಲಿನ ಗಿಡಗಳು ಬಯಲಲ್ಲೇ ಇವೆ. ನಿಮ್ಮದನ್ನು ಬಾಲ್ಕನಿಗೆ ತನ್ನಿ, ಬೆಳಗಿನ ಬಿಸಿಲಿಗೆ ವಾರ ಹತ್ತು ದಿನದಲ್ಲಿ ನಿಧಾನವಾಗಿ ಒಗ್ಗಿಸಿ.

ಎಲೆಯೆಲ್ಲ ಉದುರಿದರೂ ಗಿಡ ಸತ್ತಿತು ಎಂದು ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಒಂದು ಕಾಳಿನಷ್ಟು ಗೀರಿ. ಒಳಗೆ ಹಸಿರು ಕಂಡು ಸೊನೆ ಜಿನುಗಿದರೆ ಜೀವವಿದೆ, ಬೆಚ್ಚಗಿನ ದಿನಗಳಲ್ಲಿ ಕೆಲವೇ ವಾರಗಳಲ್ಲಿ ಕೊಂಬೆಯ ಗೆಣ್ಣಿನಲ್ಲಿ ಮೊನಚಾದ ಮೊಗ್ಗು ಏಳುತ್ತದೆ.