ಆರ್‌ಟಿಎಕ್ಸ್ 3060: 12 ಜಿಬಿಯದ್ದೇ ಬೇಕಾ, 8 ಜಿಬಿ ಸಾಕಾ?

ಎನ್‌ವಿಡಿಯಾದ ಈ ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡು ಬಗೆ ಇವೆ. ಹೆಸರು ಒಂದೇ, ಮೆಮೊರಿ ಮಾತ್ರ 4 ಜಿಬಿ ಕಡಿಮೆ ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಎರಡರಲ್ಲೂ 3584 ಕುಡಾ ಕೋರ್‌ಗಳಿವೆ (ಲೆಕ್ಕ ಮಾಡುವ ಪುಟ್ಟ ಘಟಕಗಳು), ಅದು ನಿಜ. ಆದರೆ ಮೆಮೊರಿಯಿಂದ ಡೇಟಾ ಬರುವ ದಾರಿ, ಅಂದರೆ ಮೆಮೊರಿ ಬಸ್, 12 ಜಿಬಿ ಕಾರ್ಡಿನಲ್ಲಿ 192 ಬಿಟ್, 8 ಜಿಬಿಯದು ಬರೀ 128. ಇದರಿಂದ ಡೇಟಾ ಸಾಗುವ ವೇಗ, ಅಂದರೆ ಬ್ಯಾಂಡ್‌ವಿಡ್ತ್, ಸೆಕೆಂಡಿಗೆ 360 ಜಿಬಿಯಿಂದ 240ಕ್ಕೆ ಇಳಿಯುತ್ತದೆ. ಕೋರ್‌ಗಳು ರೆಡಿ ಇದ್ದರೂ ಡೇಟಾ ಬರುವ ತನಕ ಸುಮ್ನೆ ಕಾಯಬೇಕು. ಹಾಗಾಗಿ ಗೇಮ್ 8 ಜಿಬಿ ತುಂಬಿಸದಿದ್ದರೂ, 1080ಪಿ ರೆಸಲ್ಯೂಶನ್‌ನಲ್ಲೇ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು) ಕಡಿಮೆ ಬರುತ್ತದೆ. 8 ಜಿಬಿ ಕಾರ್ಡಿಗೆ ಬೇರೆ ಹೆಸರೇ ಇಡಬಹುದಿತ್ತು, ಅಲ್ವಾ?

ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು 12 ಜಿಬಿ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಡಬ್ಬ ನೋಡಿ ನಂಬಬೇಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು, ಬಸ್ ವಿಡ್ತ್ ಎದುರು 192 ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.